ಪರಿಹಾರ ಕಾರ್ಯದಲ್ಲಿ ಲೈಂಗಿಕ ದುರ್ನಡತೆಯ ಅಪಾಯವನ್ನು ಮಳೆಗಾಲಕ್ಕೆ ಮೊದಲೇ ಅಳೆಯುವುದು ಹೇಗೆ?

ಪ್ರಶ್ನೆ: ಟ್ರಸ್ಟ್ ಒಂದರ ಕಾರ್ಯದರ್ಶಿ, ಮಡಿಕೇರಿ

ಎಲ್ಲರಿಗೂ ನಮಸ್ಕಾರ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆಯ ಕಡೆ ಗುಡ್ಡಗಳು ಕುಸಿದಾಗ ಅಕ್ಕಿ, ಕಂಬಳಿ ಹಂಚಲು ಒಟ್ಟು ಸೇರಿದ ಕೆಲವರು ಮುಂದೆ ಒಂದು ಟ್ರಸ್ಟ್ ಕಟ್ಟಿಕೊಂಡೆವು. ಇಂದು ನಮ್ಮಲ್ಲಿ ಸಂಬಳ ಪಡೆಯುವವರು ಏಳು ಮಂದಿ. ಮಳೆಗಾಲದಲ್ಲಿ ಕರೆದಾಗ ಬರುವ ಸ್ವಯಂಸೇವಕರು ಅರವತ್ತರಷ್ಟಿದ್ದಾರೆ. ನಮಗೆ ಹಣ ಕೊಡಲು ಮುಂದೆ ಬಂದಿರುವ ದಾನಿ ಸಂಸ್ಥೆಯೊಂದು ಒಂದು ನಮೂನೆಯನ್ನು ಕಳುಹಿಸಿದೆ. ನಮ್ಮ ಸಿಬ್ಬಂದಿಯಿಂದಾಗಲಿ ಸ್ವಯಂಸೇವಕರಿಂದಾಗಲಿ ನೆರವು ಪಡೆಯುವವರ ಮೇಲೆ ಅಥವಾ ಜೊತೆಯಲ್ಲಿ ಕೆಲಸ ಮಾಡುವವರ ಮೇಲೆ ಲೈಂಗಿಕ ಶೋಷಣೆ ನಡೆಯುವ ಅಪಾಯ ಎಷ್ಟಿದೆ ಎಂಬುದನ್ನು ಸಾಧ್ಯತೆಗೆ ಇಷ್ಟು, ಪರಿಣಾಮಕ್ಕೆ ಇಷ್ಟು ಎಂದು 1ರಿಂದ 5ರವರೆಗೆ ಅಂಕ ಕೊಟ್ಟು ತುಂಬಬೇಕು.

ಕಳೆದ ವಾರದ ಸಭೆಯಲ್ಲಿ ಬಹುತೇಕ ಸದಸ್ಯರು, ಇಷ್ಟು ವರ್ಷಗಳಲ್ಲಿ ಒಂದೇ ಒಂದು ದೂರು ಬಂದಿಲ್ಲವಾದ್ದರಿಂದ ಎಲ್ಲ ಕಡೆ 1 ಬರೆದು ಕಳುಹಿಸೋಣ ಎಂದರು. ಸಹಿ ಹಾಕಬೇಕಾದವನು ನಾನು. ಹಾಕಲಾಗಲಿಲ್ಲ. ಕಾರಣವನ್ನು ಹೇಳಿಬಿಡುತ್ತೇನೆ. 2019ರಲ್ಲಿ ಕಾವೇರಿ ಉಕ್ಕಿ ಸಿದ್ದಾಪುರದ ಸುತ್ತಮುತ್ತ ಮನೆಗಳು ಮುಳುಗಿದ್ದಾಗ ನಾವು ಕಿಟ್ ಹಂಚುತ್ತಿದ್ದೆವು. ತೋಟದ ಕೂಲಿಗಾರರು ಸಾಲಾಗಿ ವಾಸಿಸುವ ಲೈನ್‌ಮನೆಯೊಂದರ ಹೆಣ್ಣುಮಗಳು ಸಾಲಿನಿಂದ ಪಕ್ಕಕ್ಕೆ ಬಂದು, "ಪಟ್ಟಿಯಲ್ಲಿ ನನ್ನ ಹೆಸರು ಉಳಿಯಬೇಕಾದರೆ ಆ ಅಣ್ಣ ಫೋನ್ ಮಾಡಿದಾಗಲೆಲ್ಲ ಮಾತಾಡಬೇಕಾ ಸಾರ್?" ಎಂದು ಕೇಳಿದಳು. ಆಧಾರ್ ಸಂಖ್ಯೆಗೋ ವಿಳಾಸಕ್ಕೋ ಫೋನ್ ಮಾಡಿರಬೇಕೆಂದುಕೊಂಡು, "ಬೇಡಮ್ಮ, ಹೆಸರು ಇದೆಯಲ್ಲ, ಹೋಗು" ಎಂದೆ. ಯಾವ ಅಣ್ಣ, ಎಷ್ಟು ಹೊತ್ತಿಗೆ ಫೋನ್, ಏನು ಮಾತು ಎಂದು ನಾನು ಕೇಳಲಿಲ್ಲ. ಆಕೆಯ ಹೆಸರನ್ನೂ ಬರೆದಿಟ್ಟುಕೊಳ್ಳಲಿಲ್ಲ. ನಮ್ಮ ಕಡತದಲ್ಲಿ ದೂರುಗಳ ಸಂಖ್ಯೆ ಸೊನ್ನೆಯಾಗಿ ಉಳಿದದ್ದು ಹೀಗೆ.

ಈ ಅಂದಾಜನ್ನು ಪ್ರಾಮಾಣಿಕವಾಗಿ ಮಾಡುವ ಕ್ರಮ ಯಾವುದು, ನಮ್ಮಂಥ ಚಿಕ್ಕ ಸಂಸ್ಥೆಗೆ ಕಾನೂನು ಎಷ್ಟರಮಟ್ಟಿಗೆ ಅನ್ವಯಿಸುತ್ತದೆ, ಸ್ವಯಂಸೇವಕರ ಮುಂದೆ ಈ ವಿಷಯವನ್ನು ಎತ್ತುವುದು ಹೇಗೆ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಸಮಾಜ ಕಾರ್ಯಕರ್ತೆ, ವಿರಾಜಪೇಟೆ

ಕಾರ್ಯದರ್ಶಿಯವರೇ, ಸಹಿ ಹಾಕದೆ ಉಳಿದದ್ದಕ್ಕೆ ಮೊದಲು ನಿಮಗೆ ವಂದನೆ. ದೂರು ಬಂದಿಲ್ಲವೆಂದರೆ ತಪ್ಪು ನಡೆದಿಲ್ಲವೆಂದು ಅರ್ಥವಲ್ಲ ಎಂಬುದನ್ನು ದೊಡ್ಡ ದೊಡ್ಡ ಸಂಸ್ಥೆಗಳು ಬಹಳ ಬೆಲೆ ತೆತ್ತು ಕಲಿತಿವೆ. ಪಶ್ಚಿಮ ಆಫ್ರಿಕಾದ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳ ನಿರಾಶ್ರಿತರ ಶಿಬಿರಗಳಲ್ಲಿ ಆಹಾರ ಹಂಚುವವರೇ ಹುಡುಗಿಯರನ್ನು ಶೋಷಿಸುತ್ತಿದ್ದರೆಂಬ ಸಂಗತಿ 2002ರಲ್ಲಿ ಹೊರಬಂದದ್ದು ದೂರುಪೆಟ್ಟಿಗೆಯಿಂದಲ್ಲ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಮತ್ತು ಸೇವ್ ದ ಚಿಲ್ಡ್ರನ್‌ನ ತಂಡ ಶಿಬಿರಗಳಿಗೆ ಹೋಗಿ, ಅಲ್ಲಿನವರ ಬಳಿ ಕುಳಿತು ಮಾತನಾಡಿದಾಗ. ನೆರವಿಗೆ ಪ್ರತಿಯಾಗಿ ಲೈಂಗಿಕ ಸಂಬಂಧ ಬೆಳೆಸುವುದನ್ನೂ, ಆ ದೇಶದ ಕಾನೂನು ಏನೇ ಇರಲಿ 18 ವರ್ಷದೊಳಗಿನವರೊಂದಿಗಿನ ಯಾವುದೇ ಲೈಂಗಿಕ ಸಂಬಂಧವನ್ನೂ ನಿಷೇಧಿಸಿ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿಯವರು 2003ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಆದೇಶಕ್ಕೆ ಹಿನ್ನೆಲೆ ಇದೇ. ಅಷ್ಟಾದ ಮೇಲೂ, 2018ರಿಂದ 2020ರವರೆಗೆ ಕಾಂಗೋದಲ್ಲಿ ಎಬೋಲಾ ನಿಯಂತ್ರಣಕ್ಕೆ ಹೋದವರ ಪೈಕಿ 83 ಮಂದಿಯ ಮೇಲೆ ಇಂಥ ಆರೋಪಗಳಿರುವುದನ್ನು ಸ್ವತಂತ್ರ ಆಯೋಗವೊಂದು 2021ರಲ್ಲಿ ಗುರುತಿಸಿತು. ಅವರಲ್ಲಿ 21 ಮಂದಿ ವಿಶ್ವ ಆರೋಗ್ಯ ಸಂಸ್ಥೆಯ ಕೆಲಸದಲ್ಲಿದ್ದವರು. ಕೆಲಸ ಕೊಡಿಸುತ್ತೇನೆ, ಇರುವ ಕೆಲಸ ಉಳಿಸುತ್ತೇನೆ ಎಂಬುದೇ ಅಲ್ಲಿ ಹೆಚ್ಚಾಗಿ ಬಳಕೆಯಾದ ಆಮಿಷ.

ನಮ್ಮ ಊರನ್ನು ಆ ಶಿಬಿರಗಳಿಗೆ ಹೋಲಿಸುತ್ತಿಲ್ಲ. ಅಪಾಯ ಹುಟ್ಟುವ ಬಗೆ ಮಾತ್ರ ಎಲ್ಲ ಕಡೆಯೂ ಒಂದೇ: ಬೇಕೇಬೇಕಾದ ವಸ್ತುವೊಂದು ಯಾರಿಗೆ ಸಿಗಬೇಕೆಂಬ ತೀರ್ಮಾನ ಒಬ್ಬನ ಕೈಯಲ್ಲಿರುತ್ತದೆ, ಆ ತೀರ್ಮಾನವನ್ನು ಆತ ಯಾರ ಕಣ್ಣಿಗೂ ಬೀಳದೆ ಮಾಡಬಲ್ಲವನಾಗಿರುತ್ತಾನೆ, ಮತ್ತು ಎದುರಿಗಿರುವವರಿಗೆ ಬೇರೆ ಬಾಗಿಲು ಇರುವುದಿಲ್ಲ. ಆದ್ದರಿಂದ ನಮೂನೆಯನ್ನು ಪಕ್ಕಕ್ಕಿಟ್ಟು, ನಿಮ್ಮ ಕೆಲಸ ಬೆಳಗಿನಿಂದ ರಾತ್ರಿಯವರೆಗೆ ನಡೆಯುವ ದಾರಿಯಲ್ಲಿ ಒಮ್ಮೆ ನಡೆದು ನೋಡಿ ಎಂಬುದು ನನ್ನ ಸಲಹೆ. ಪಟ್ಟಿಗೆ ಹೆಸರು ಸೇರಿಸುವವರು ಯಾರು, ಅದನ್ನು ಅಳಿಸುವ ಅಧಿಕಾರ ಯಾರಿಗಿದೆ? ಸಂತ್ರಸ್ತರ ಫೋನ್ ನಂಬರುಗಳು ಯಾರ ಯಾರ ಮೊಬೈಲಿನಲ್ಲಿವೆ? ಗೋದಾಮಿನ ಕೀಲಿ ಒಬ್ಬರ ಬಳಿಯೇ ಇದೆಯೇ? ರಸ್ತೆ ಕುಸಿದ ಕಡೆಗಳಿಂದ ಜೀಪಿನಲ್ಲಿ ಜನರನ್ನು ಕರೆತರುವಾಗ ಚಾಲಕನ ಜೊತೆ ಯಾರಿರುತ್ತಾರೆ? ಮನೆ ದುರಸ್ತಿಗೆ ಯಾರು ಅರ್ಹರು ಎಂದು ನೋಡಲು ಹೋಗುವವರು ಒಂಟಿಯಾಗಿ ಹೋಗುತ್ತಾರೆಯೇ?

ಸಂತ್ರಸ್ತರು ತಂಗುವ ಕಾಳಜಿ ಕೇಂದ್ರಗಳ ವಿಷಯದಲ್ಲಿ ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ, ಏಕೆಂದರೆ 2018ರಲ್ಲೂ 2019ರಲ್ಲೂ ನಾನು ಕಣ್ಣಾರೆ ಕಂಡದ್ದು ಅಲ್ಲಿ. ಶಾಲೆಯೋ ಸಮುದಾಯ ಭವನವೋ ರಾತ್ರೋರಾತ್ರಿ ಮನೆಯಾಗುತ್ತದೆ. ಕರೆಂಟು ಹೋದ ಮೇಲೆ ಜನರೇಟರಿನ ಬೆಳಕು ಸಭಾಂಗಣಕ್ಕೆ ಬರುತ್ತದೆಯೇ ಹೊರತು ಹಿಂಬದಿಯ ಶೌಚಾಲಯದವರೆಗೆ ಮುಟ್ಟುವುದಿಲ್ಲ. ನಾನಿದ್ದ ಒಂದು ಕೇಂದ್ರದಲ್ಲಿ ಹೆಂಗಸರ ಶೌಚಾಲಯದ ಎರಡು ಬಾಗಿಲುಗಳಿಗೆ ಒಳಚಿಲಕವೇ ಇರಲಿಲ್ಲ. ಹೆಣ್ಣುಮಕ್ಕಳು ಸಂಜೆಯಿಂದ ನೀರು ಕುಡಿಯುವುದನ್ನು ಬಿಟ್ಟಿದ್ದರು. ಸ್ಯಾನಿಟರಿ ಪ್ಯಾಡ್ ಬೇಕೆಂದರೆ ಗಂಡಸರೇ ಕುಳಿತಿದ್ದ ಮೇಜಿಗೆ ಬಂದು ಕೇಳಬೇಕಾಗಿತ್ತು. ಬೇರೆ ಊರುಗಳಿಂದ ನೆರವು ತಂದ ಗುಂಪುಗಳು ಯಾರ ಅಪ್ಪಣೆಯೂ ಇಲ್ಲದೆ ಒಳಗೆ ಬಂದು ಮಕ್ಕಳನ್ನು ಎತ್ತಿಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದವು. ಆ ಗುಂಪುಗಳಲ್ಲಿ ಬಹುಪಾಲು ಜನ ಒಳ್ಳೆಯವರೇ. ಆದರೆ ಕೆಟ್ಟ ಉದ್ದೇಶದ ಒಬ್ಬ ಬಂದಿದ್ದರೆ ಅವನನ್ನು ತಡೆಯಲು ಅಲ್ಲಿ ಒಂದು ಹಾಜರಿ ಪುಸ್ತಕವೂ ಇರಲಿಲ್ಲ.

ಈ ನಡಿಗೆ ಮುಗಿದ ಮೇಲೆ ಪರಿಹಾರಗಳು ತಾವಾಗಿಯೇ ಕಾಣತೊಡಗುತ್ತವೆ, ಮತ್ತು ಅವುಗಳಲ್ಲಿ ಹೆಚ್ಚಿನವಕ್ಕೆ ಖರ್ಚು ಕಡಿಮೆ. ಚಿಲಕ ಮತ್ತು ಸೋಲಾರ್ ದೀಪ ಹಾಕಿಸಿ. ಪಟ್ಟಿಯನ್ನೂ ಆಯ್ಕೆಯ ನಿಯಮವನ್ನೂ ಹಂಚಿಕೆಗೆ ಮೊದಲೇ ಎಲ್ಲರ ಮುಂದೆ ಓದಿ ಹೇಳಿ. ಮನೆ ಭೇಟಿಗೆ ಇಬ್ಬರು, ಅವರಲ್ಲೊಬ್ಬರು ಮಹಿಳೆ ಎಂಬುದನ್ನು ಸಡಿಲಿಸಬೇಡಿ. ಫೋನ್ ಮಾಡುವುದಿದ್ದರೆ ಸಂಸ್ಥೆಯ ನಂಬರಿನಿಂದಲೇ ಮಾಡಿ. ಇದೆಲ್ಲ ಸರಿಪಡಿಸಿದ ನಂತರವೂ ಉಳಿಯುವ ಅಪಾಯ ಎಷ್ಟು ಎಂದು ಅಂದಾಜಿಸಿ ಅಂಕ ಬರೆಯಿರಿ. ಅದು 1 ಆಗಿರುವುದಿಲ್ಲ. 3 ಎಂದು ಬರೆದು ಕಾರಣ ವಿವರಿಸುವ ಸಂಸ್ಥೆಯನ್ನು ತಿಳಿವಳಿಕೆಯುಳ್ಳ ದಾನಿಗಳು ಹೆಚ್ಚು ನಂಬುತ್ತಾರೆ.

ಉತ್ತರ 2: ವಕೀಲೆ, ಮಡಿಕೇರಿ

ಎರಡು ಸಂಸ್ಥೆಗಳಲ್ಲಿ ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸುವ ಆಂತರಿಕ ಸಮಿತಿಯಲ್ಲಿ ಹೊರಗಿನ ಸದಸ್ಯೆಯಾಗಿರುವ ಅನುಭವದಿಂದ ಕಾನೂನಿನ ಭಾಗವನ್ನು ಮಾತ್ರ ಹೇಳುತ್ತೇನೆ.

ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಕಂಪನಿ, ಕಚೇರಿಗಳಿಗೆ ಮಾತ್ರ ಸಂಬಂಧಿಸಿದ್ದು ಎಂಬ ತಪ್ಪು ತಿಳಿವಳಿಕೆ ಇದೆ. ಕಾಯ್ದೆಯ ಹುಟ್ಟನ್ನು ನೋಡಿದರೂ ಇದು ಸರಿಯಲ್ಲವೆಂದು ತಿಳಿಯುತ್ತದೆ. ರಾಜಸ್ಥಾನದಲ್ಲಿ ಬಾಲ್ಯವಿವಾಹ ತಡೆಯಲು ಹೋದ ಭಂವರಿ ದೇವಿಯವರು ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮವೊಂದರಲ್ಲಿ ಹಳ್ಳಿ ಮಟ್ಟದ ಕಾರ್ಯಕರ್ತೆಯಾಗಿದ್ದರು. 1992ರಲ್ಲಿ ಅವರ ಮೇಲೆ ನಡೆದ ಅತ್ಯಾಚಾರದ ಹಿನ್ನೆಲೆಯಲ್ಲಿಯೇ ಸುಪ್ರೀಂ ಕೋರ್ಟ್ 1997ರಲ್ಲಿ ವಿಶಾಖಾ ಮಾರ್ಗಸೂಚಿಗಳನ್ನು ಕೊಟ್ಟಿತು, ಮುಂದೆ ಅವು ಕಾಯ್ದೆಯಾದವು. ಅಂದರೆ ಈ ಕಾನೂನಿನ ಬೇರು ಇರುವುದೇ ನಿಮ್ಮಂಥವರ ಕ್ಷೇತ್ರಕಾರ್ಯದಲ್ಲಿ.

ಟ್ರಸ್ಟ್, ಸೊಸೈಟಿ, ಸರ್ಕಾರೇತರ ಸಂಸ್ಥೆಗಳೆಲ್ಲವೂ ಕಾಯ್ದೆಯ ಪ್ರಕಾರ ಕೆಲಸದ ಸ್ಥಳಗಳೇ. ಕೆಲಸದ ನಿಮಿತ್ತ ಹೋಗುವ ಊರು, ಹೋಗಲು ಸಂಸ್ಥೆ ಒದಗಿಸುವ ವಾಹನ ಕೂಡ ಅದರೊಳಗೆ ಬರುತ್ತವೆ. ಸಂಬಳವಿಲ್ಲದ ಸ್ವಯಂಸೇವಕರೂ ಉದ್ಯೋಗಿ ಎಂಬ ವ್ಯಾಖ್ಯಾನದಲ್ಲಿ ಸೇರಿದ್ದಾರೆ. ಇದಕ್ಕಿಂತ ಮುಖ್ಯವಾದದ್ದು, ದೂರು ಕೊಡುವ ಮಹಿಳೆ ಸಂಸ್ಥೆಯ ಉದ್ಯೋಗಿಯಾಗಿರಲೇಬೇಕೆಂದು ಕಾಯ್ದೆ ಹೇಳುವುದಿಲ್ಲ. ಯಾವುದೇ ವಯಸ್ಸಿನವಳಾಗಿರಲಿ, ಅಲ್ಲಿ ಉದ್ಯೋಗದಲ್ಲಿರಲಿ ಇಲ್ಲದಿರಲಿ ಎಂದು ಸ್ಪಷ್ಟವಾಗಿ ಹೇಳಿದೆ. ಕಿಟ್ ಪಡೆಯಲು ಸಾಲಿನಲ್ಲಿ ನಿಂತ ಹೆಣ್ಣುಮಗಳನ್ನು ಈ ಮಾತು ಹೊರಗಿಡುವುದಿಲ್ಲವೆಂದೇ ನಾನು ಓದಿಕೊಳ್ಳುತ್ತೇನೆ.

ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಕಡ್ಡಾಯ. ನಿಮ್ಮಲ್ಲಿ ಸಂಬಳದವರು ಏಳೇ ಆದರೂ ಸ್ವಯಂಸೇವಕರನ್ನು ಸೇರಿಸಿದರೆ ಸಂಖ್ಯೆ ಹತ್ತನ್ನು ಎಂದೋ ದಾಟಿದೆ, ಆದ್ದರಿಂದ ಸಮಿತಿ ರಚಿಸಿಬಿಡಿ. ಹಿರಿಯ ಹುದ್ದೆಯ ಮಹಿಳೆ ಅಧ್ಯಕ್ಷತೆ ವಹಿಸಬೇಕು, ಅರ್ಧದಷ್ಟಾದರೂ ಮಹಿಳೆಯರಿರಬೇಕು, ಹೊರಗಿನ ಒಬ್ಬ ಸದಸ್ಯರಿರಬೇಕು. ರಚಿಸದಿದ್ದರೆ 50,000 ರೂಪಾಯಿಯವರೆಗೆ ದಂಡವಿದೆ. ದೂರು ಸಂಸ್ಥೆಯ ಮುಖ್ಯಸ್ಥರ ಮೇಲೆಯೇ ಆಗಿದ್ದರೆ ಅದು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬೇಕು. ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಬೇಕು. ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು.

ನೊಂದವರು 18 ವರ್ಷದೊಳಗಿನವರಾದರೆ ದಾರಿಯೇ ಬೇರೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಅಪರಾಧ ನಡೆದದ್ದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ನಾವೇ ಮೊದಲು ವಿಚಾರಿಸಿ ನೋಡುತ್ತೇವೆ ಎಂದು ಸಂಸ್ಥೆಯವರು ಕೂರುವಂತಿಲ್ಲ. ತನ್ನ ಕೈಕೆಳಗಿನವರ ಅಪರಾಧವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲುಶಿಕ್ಷೆ ಮತ್ತು ದಂಡವಿದೆ. ನೊಂದವರು ವಯಸ್ಕ ಮಹಿಳೆಯಾಗಿದ್ದರೆ ಮಾತ್ರ ಪೊಲೀಸರ ಬಳಿ ಹೋಗುವ ತೀರ್ಮಾನವನ್ನು ಆಕೆಗೇ ಬಿಡಿ. ಆಕೆ ಹೋಗಲು ಬಯಸಿದರೆ ನೆರವಾಗುವುದು ಸಂಸ್ಥೆಯ ಕರ್ತವ್ಯ. ಪುರುಷರು ದೂರುದಾರರಾದರೆ 2013ರ ಕಾಯ್ದೆ ಒದಗುವುದಿಲ್ಲ, ಹಾಗಾಗಿ ನಿಮ್ಮ ಸ್ವಂತ ನಡತೆ ನಿಯಮಾವಳಿಯಲ್ಲಿ ಎಲ್ಲರನ್ನೂ ಸೇರಿಸಿಕೊಳ್ಳಿ.

ಉತ್ತರ 3: ಹಿರಿಯ ಸ್ವಯಂಸೇವಕ, ಸೋಮವಾರಪೇಟೆ

ಮೇಲೆ ಬರೆದವರೆಲ್ಲರ ಕಾಳಜಿಯನ್ನು ಗೌರವಿಸುತ್ತಲೇ ಒಂದು ಆತಂಕವನ್ನು ಹೇಳಬೇಕಾಗಿದೆ. 2018ರಲ್ಲಿ ನಮ್ಮ ಹುಡುಗರು ಸೊಂಟದವರೆಗಿನ ಕೆಸರಿನಲ್ಲಿ ಮುದುಕರನ್ನು ಹೆಗಲ ಮೇಲೆ ಹೊತ್ತು ತಂದರು. ಅಂಥವರನ್ನು ಸಾಲಾಗಿ ಕೂರಿಸಿ, ಹೆಣ್ಣುಮಕ್ಕಳ ಜೊತೆ ಕೆಟ್ಟದಾಗಿ ನಡೆದುಕೊಳ್ಳುವುದಿಲ್ಲವೆಂದು ಬರೆದು ಸಹಿ ಹಾಕಿ ಎಂದರೆ ಅವರ ಮನಸ್ಸಿಗೆ ಏನಾಗಬಹುದು? ಯಾವುದೋ ಹಳೆಯ ದ್ವೇಷಕ್ಕೆ ಸುಳ್ಳು ದೂರು ಕೊಟ್ಟರೆ ಆ ಹುಡುಗನ ಗತಿ ಏನು? ಮುಂದಿನ ಮಳೆಗೆ ಕರೆದಾಗ ಯಾರೂ ಬಾರದೇ ಹೋದರೆ ನಷ್ಟವಾಗುವುದು ಸಂತ್ರಸ್ತರಿಗೇ ಅಲ್ಲವೇ?

ಉತ್ತರ 4: ಸಮಾಜ ಕಾರ್ಯಕರ್ತೆ, ವಿರಾಜಪೇಟೆ

ಅಣ್ಣಾ, ನಿಮ್ಮ ಆತಂಕ ನ್ಯಾಯವಾದದ್ದು. ಆ ಹುಡುಗರ ಜೊತೆ ನಾನೂ ಕೆಲಸ ಮಾಡಿದ್ದೇನೆ. ಆದರೆ ನಿಯಮವಿಲ್ಲದಿದ್ದಾಗ ಅನುಮಾನ ಎಲ್ಲರ ಮೇಲೂ ಬೀಳುತ್ತದೆ. ಇಬ್ಬರಾಗಿ ಹೋಗಬೇಕೆಂಬ ಕಟ್ಟುಪಾಡು ಹೆಣ್ಣುಮಗಳನ್ನು ಕಾಯುವಷ್ಟೇ ಜೊತೆಗೆ ಹೋದ ಹುಡುಗನನ್ನೂ ಕಾಯುತ್ತದೆ, ಏಕೆಂದರೆ ನಡೆದದ್ದೇನೆಂದು ಹೇಳಲು ಮತ್ತೊಬ್ಬರಿರುತ್ತಾರೆ. ನಾವು ಈ ಮಾತನ್ನು ತರಬೇತಿಯಲ್ಲಿ ಎತ್ತಿದ್ದು, ನೀವು ತಪ್ಪು ಮಾಡಬೇಡಿ ಎಂಬ ಧಾಟಿಯಲ್ಲಿ ಅಲ್ಲ. ನಿಮ್ಮ ಸಮವಸ್ತ್ರ ಹಾಕಿಕೊಂಡು ಬೇರೆ ಯಾರೋ ತಪ್ಪು ಮಾಡಿದರೆ ನೀವು ಏನು ಮಾಡುವಿರಿ ಎಂದು ಕೇಳಿದೆವು. ಯಾರೂ ಬಿಟ್ಟು ಹೋಗಲಿಲ್ಲ, ಮತ್ತು ಇಬ್ಬರು ಹುಡುಗಿಯರು ಅದುವರೆಗೆ ಯಾರಿಗೂ ಹೇಳದ ಸಂಗತಿಗಳನ್ನು ಆ ಸಂಜೆ ಹೇಳಿದರು.

ಸುಳ್ಳು ದೂರಿನ ವಿಷಯದಲ್ಲಿ ಕಾಯ್ದೆಯೇ ಎಚ್ಚರ ವಹಿಸಿದೆ: ದುರುದ್ದೇಶದಿಂದ ಕೊಟ್ಟದ್ದೆಂದು ವಿಚಾರಣೆಯಲ್ಲಿ ಸಾಬೀತಾದರೆ ಕ್ರಮವಿದೆ, ಆದರೆ ಪುರಾವೆ ಸಾಲಲಿಲ್ಲವೆಂಬ ಒಂದೇ ಕಾರಣಕ್ಕೆ ದೂರು ಕೊಟ್ಟವಳನ್ನು ಶಿಕ್ಷಿಸುವಂತಿಲ್ಲ.

ಇನ್ನೊಂದು ವಿಷಯ. 2010ರ ಭೂಕಂಪದ ನಂತರ ಹೈಟಿಯಲ್ಲಿ ಕೆಲಸ ಮಾಡಿದ ಆಕ್ಸ್‌ಫಾಮ್ ಸಿಬ್ಬಂದಿಯ ದುರ್ನಡತೆಯ ಬಗ್ಗೆ 2011ರಲ್ಲಿ ಸಂಸ್ಥೆಯೊಳಗೆ ತನಿಖೆ ನಡೆದು ಕೆಲವರು ಹೊರಬಿದ್ದರು. ಪೂರ್ತಿ ಸಂಗತಿ ಜಗತ್ತಿಗೆ ತಿಳಿದದ್ದು 2018ರಲ್ಲಿ. ಅಷ್ಟರಲ್ಲಿ ಅವರಲ್ಲಿ ಕೆಲವರು ಬೇರೆ ನೆರವು ಸಂಸ್ಥೆಗಳಲ್ಲಿ ಕೆಲಸ ಮಾಡಿಯಾಗಿತ್ತು. ಈ ಕಾರಣಕ್ಕೇ 2019ರಿಂದ ಹಲವು ಸಂಸ್ಥೆಗಳು ಹೊಸಬರನ್ನು ತೆಗೆದುಕೊಳ್ಳುವಾಗ ಹಿಂದಿನ ಐದು ವರ್ಷಗಳ ಉದ್ಯೋಗದಾತರನ್ನು ಈ ಬಗ್ಗೆ ನೇರವಾಗಿ ಕೇಳುವ ಒಪ್ಪಂದಕ್ಕೆ ಬಂದಿವೆ. ನಮ್ಮ ಜಿಲ್ಲೆಯಲ್ಲಿ ಎಲ್ಲರೂ ಎಲ್ಲರಿಗೂ ಪರಿಚಿತರೆಂದು ನಾವು ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ಉತ್ತರ 5: ಆರೋಗ್ಯ ಕಾರ್ಯಕರ್ತೆ, ಪೊನ್ನಂಪೇಟೆ

ಬುಡಕಟ್ಟು ಜನರ ಹಾಡಿಗಳಲ್ಲಿ ಮತ್ತು ತೋಟದ ಲೈನ್‌ಮನೆಗಳಲ್ಲಿ ಹಲವು ವರ್ಷಗಳಿಂದ ಓಡಾಡುತ್ತಿರುವವಳಾಗಿ ಒಂದು ಮಾತು ಸೇರಿಸುತ್ತೇನೆ. ಎಲ್ಲ ನಿಯಮಗಳನ್ನೂ ಮಾಡಿ, ಕನ್ನಡದಲ್ಲಿ ಫಲಕ ಬರೆಸಿ, ದೂರುಪೆಟ್ಟಿಗೆ ತೂಗುಹಾಕಿದರೂ ಅದು ಮುಟ್ಟಬೇಕಾದವರನ್ನು ಮುಟ್ಟದೇ ಇರಬಹುದು. ಯರವ ಹೆಂಗಸು ಮನೆಯಲ್ಲಿ ಆಡುವುದು ತನ್ನ ನುಡಿ, ಜೇನುಕುರುಬರದ್ದು ಬೇರೆ, ಅಸ್ಸಾಮಿನಿಂದ ಕಾಫಿ ಕೊಯ್ಲಿಗೆ ಬಂದು ಲೈನಿನಲ್ಲಿ ಉಳಿದವರಿಗೆ ನಮ್ಮ ಅಕ್ಷರವೇ ಗೊತ್ತಿಲ್ಲ. ದೂರುಪೆಟ್ಟಿಗೆಯನ್ನು ತೋಟದ ಕಚೇರಿಯ ಗೋಡೆಗೆ ಹಾಕಿದ್ದನ್ನು ನಾನು ನೋಡಿದ್ದೇನೆ. ಅಲ್ಲಿಗೆ ಚೀಟಿ ಹಾಕಲು ಹೋದವಳನ್ನು ತೋಟದ ಲೆಕ್ಕ ಬರೆಯುವ ರೈಟರ್, ಕೆಲಸ ಮಾಡಿಸುವ ಮೇಸ್ತ್ರಿ ಇಬ್ಬರೂ ನೋಡುತ್ತಾರೆ, ಮರುದಿನದ ಕೆಲಸ ಅವರ ಕೈಯಲ್ಲಿರುತ್ತದೆ.

ನಮ್ಮ ಅನುಭವದಲ್ಲಿ ಹೆಚ್ಚು ಕೆಲಸ ಮಾಡಿದ್ದು ಒಂದು ವಾಕ್ಯ. ಪ್ರತಿ ಹಂಚಿಕೆಯ ಆರಂಭದಲ್ಲಿ, ಅವರ ಅವರ ನುಡಿಯಲ್ಲಿ, ಹೆಣ್ಣು ದನಿಯಲ್ಲಿ ಹೇಳಿಸುತ್ತೇವೆ: "ಈ ಸಾಮಾನಿಗೆ ನೀವು ಏನನ್ನೂ ಕೊಡಬೇಕಾಗಿಲ್ಲ, ದುಡ್ಡನ್ನೂ ಅಲ್ಲ, ಬೇರೆ ಯಾವುದನ್ನೂ ಅಲ್ಲ, ಯಾರಾದರೂ ಕೇಳಿದರೆ ನಮಗೆ ಹೇಳಿ, ಹೇಳಿದ್ದಕ್ಕೆ ಸಾಮಾನು ನಿಲ್ಲುವುದಿಲ್ಲ." ಕೊನೆಯ ಭಾಗವನ್ನು ಬಿಡಬೇಡಿ, ಏಕೆಂದರೆ ಅವರ ಹೆದರಿಕೆ ಇರುವುದು ಅಲ್ಲಿಯೇ. ಹೇಳಿಕೊಳ್ಳಲು ಒಂದೇ ದಾರಿ ಇಡದೆ ಎರಡು ಮೂರನ್ನು ಇಡಿ. ಗುಂಪು ಕರೆದು ಕೇಳುವಾಗ ಹಾಡಿಯ ಮುಖಂಡರಿಲ್ಲದ ಕಡೆ ಹೆಂಗಸರನ್ನು ಮಾತ್ರ ಕೂರಿಸಿ. ನಿಮಗೇನಾದರೂ ಆಗಿದೆಯೇ ಎಂದು ಕೇಳಬೇಡಿ, ಇಲ್ಲಿ ಯಾವ ಜಾಗಕ್ಕೆ ಹೋಗಲು ಹುಡುಗಿಯರು ಹಿಂಜರಿಯುತ್ತಾರೆ ಎಂದು ಕೇಳಿ. ಎರಡನೆಯ ಪ್ರಶ್ನೆಗೆ ಅವರು ಕೈ ತೋರಿಸಿ ಉತ್ತರ ಹೇಳುತ್ತಾರೆ.

ಮಳೆ ಜೋರಾದಾಗ ನೆಟ್‌ವರ್ಕ್ ಇರುವುದಿಲ್ಲವಾದ್ದರಿಂದ ಫೋನ್ ನಂಬರನ್ನು ಮಾತ್ರ ನಂಬಿ ಕೂರುವಂತಿಲ್ಲ. ಆದರೂ ಮಹಿಳೆಯರಿಗೆ 181, ಮಕ್ಕಳಿಗೆ 1098, ತುರ್ತಿಗೆ 112 ಎಂಬುದನ್ನು ಚಿತ್ರಗಳ ಸಮೇತ ಕಿಟ್ ಚೀಲದ ಮೇಲೆಯೇ ಅಚ್ಚು ಹಾಕಿಸಿ. ಚೀಲ ಮನೆಯಲ್ಲಿ ಬಹಳ ದಿನ ಉಳಿಯುತ್ತದೆ.

ಪ್ರಶ್ನೆ ಕೇಳಿದವರಿಂದ: ಕಾರ್ಯದರ್ಶಿ, ಮಡಿಕೇರಿ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಮತ್ತೆ ಸಭೆ ಕರೆದು ಈ ಉತ್ತರಗಳನ್ನು ಓದಿ ಹೇಳಿದೆ. ಮೊದಲು ನಮ್ಮ ಪಟ್ಟಿಯ ವ್ಯವಸ್ಥೆಯನ್ನೇ ನೋಡಿದೆವು: ಹೆಸರು ಬರೆಯುವವರು, ಪರಿಶೀಲಿಸುವವರು, ಅಳಿಸುವವರು ಮೂವರೂ ಒಬ್ಬರೇ ಆಗಿದ್ದರು, ಮತ್ತು ಕುಟುಂಬಗಳ ನಂಬರುಗಳು ಹನ್ನೊಂದು ಮಂದಿಯ ಸ್ವಂತ ಮೊಬೈಲಿನಲ್ಲಿದ್ದವು. ಅದನ್ನು ಇಂದೇ ಬದಲಾಯಿಸಿದ್ದೇವೆ. ಆಂತರಿಕ ಸಮಿತಿಗೆ ಹೆಸರುಗಳು ನಿಶ್ಚಯವಾಗಿವೆ. ನಮೂನೆಯಲ್ಲಿ ಪಟ್ಟಿಯ ಸಾಲಿಗೆ 4, ವಾಹನದ ಸಾಲಿಗೆ 3 ಬರೆದು ಕಾರಣ ಸಹಿತ ಕಳುಹಿಸುತ್ತಿದ್ದೇವೆ. ಒಬ್ಬ ಸದಸ್ಯರು ಒಪ್ಪಲಿಲ್ಲ. ಅವರ ಭಿನ್ನಾಭಿಪ್ರಾಯವನ್ನು ನಡಾವಳಿಯಲ್ಲಿ ದಾಖಲಿಸಿದ್ದೇವೆ.

ಉಳಿದಿರುವುದು 2019ರ ಆ ಹೆಣ್ಣುಮಗಳ ವಿಷಯ. ತೋಟ ಯಾವುದೆಂದು ನೆನಪಿದೆ, ಮುಖವೂ ನೆನಪಿದೆ. ಹೋಗಿ ಹುಡುಕಿ ಕೇಳಲೇ ಎಂಬ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ.

ಉತ್ತರ 6: ಆರೋಗ್ಯ ಕಾರ್ಯಕರ್ತೆ, ಪೊನ್ನಂಪೇಟೆ

ದಯವಿಟ್ಟು ನೀವು ಹೋಗಬೇಡಿ. ಸಂಸ್ಥೆಯ ಗಂಡಸೊಬ್ಬರು ಇಷ್ಟು ವರ್ಷಗಳ ನಂತರ ಲೈನ್‌ಮನೆಗೆ ಬಂದು ಒಬ್ಬಳನ್ನೇ ಹುಡುಕಿದರೆ ಇಡೀ ಲೈನು ಮಾತಾಡಿಕೊಳ್ಳುತ್ತದೆ, ಮತ್ತು ಆಕೆ ಮರೆಯಲು ಬಯಸಿದ್ದನ್ನು ಗಂಡ, ಅತ್ತೆಯ ಎದುರು ಎತ್ತಿದಂತಾಗುತ್ತದೆ. ಆ ವರ್ಷದ ಪಟ್ಟಿಯನ್ನು ಯಾರು ನೋಡಿಕೊಳ್ಳುತ್ತಿದ್ದರೆಂಬುದು ನಿಮ್ಮ ಕಡತದಲ್ಲಿದೆ. ನಿಮಗೆ ನೆನಪಿರುವಷ್ಟನ್ನು ಬರೆದು ಮೊಹರು ಮಾಡಿ ಹೊಸ ಸಮಿತಿಯ ಅಧ್ಯಕ್ಷೆಗೆ ಕೊಡಿ, ಆ ವ್ಯಕ್ತಿ ಈಗಲೂ ಸ್ವಯಂಸೇವಕನಾಗಿದ್ದರೆ ಪಟ್ಟಿಯ ಕೆಲಸ ಕೊಡಬೇಡಿ. ಆ ತೋಟದ ಕಡೆಗೆ ನಮ್ಮ ಆರೋಗ್ಯ ತಪಾಸಣೆ ಈ ತಿಂಗಳ ಕೊನೆಯಲ್ಲಿದೆ. ಅಂದು ಲೈನಿನ ಎಲ್ಲ ಹೆಂಗಸರಿಗೂ ಆ ವಾಕ್ಯವನ್ನು ಹೇಳಿ, ನನ್ನ ಕೋಣೆಯ ಬಾಗಿಲನ್ನು ಸಂಜೆಯವರೆಗೆ ತೆರೆದಿಡುತ್ತೇನೆ. ಆಕೆ ಬರಬಹುದು, ಬಾರದೆಯೂ ಇರಬಹುದು. ಬಂದರೆ, ಆಕೆ ಒಪ್ಪಿದಷ್ಟನ್ನು ಮಾತ್ರ ನಿಮ್ಮ ಸಮಿತಿಗೆ ತಿಳಿಸುತ್ತೇನೆ.